ಅಲೀಗಢದಲ್ಲಿ ಒಂದು ದಿನ: ಕಾಬೂಲಿನ ಅಮೀರರು ಮತ್ತು ಸರ್ ಸಯ್ಯದರ ಕಾಲೇಜು

ಶಾಲೆಗೆ ಮೇಲಧಿಕಾರಿಗಳು ಬರುತ್ತಾರೆಂದರೆ ಏನಾಗುತ್ತದೆಂದು ನಮಗೆಲ್ಲ ಗೊತ್ತು. ಗೋಡೆಗೆ ಸುಣ್ಣ, ಬಾಗಿಲಿಗೆ ಮಾವಿನ ತೋರಣ, ಅಂಗಳಕ್ಕೆ ನೀರು. ಚುರುಕಾದ ಹುಡುಗರು ಮುಂದಿನ ಬೆಂಚಿಗೆ, ಉಳಿದವರು ಹಿಂದಕ್ಕೆ. ಸಾಹೇಬರು ಕೇಳಬಹುದಾದ ನಾಲ್ಕು ಪ್ರಶ್ನೆಗಳಿಗೆ ಉತ್ತರ ಮೊದಲೇ ಬಾಯಿಪಾಠ. ಆದರೆ ಬಂದವರು ಮುಂದಿನ ಬೆಂಚನ್ನು ದಾಟಿ ಹಿಂದಿನ ಹುಡುಗನನ್ನೇ ಎಬ್ಬಿಸಿ ಕೇಳಿದರೆ? ಆಗ ಮೇಷ್ಟ್ರ ಎದೆ ಹೊಡೆದುಕೊಳ್ಳುವ ಸದ್ದು ಹೊರಗಿನವರಿಗೂ ಕೇಳಿಸೀತು.

1907ರ ಜನವರಿ 16ರಂದು ಅಲೀಗಢದ ಮುಹಮ್ಮದನ್ ಆಂಗ್ಲೋ ಓರಿಯಂಟಲ್ ಕಾಲೇಜಿನಲ್ಲಿ ಸರಿಸುಮಾರು ಇಂಥದೇ ಪರಿಸ್ಥಿತಿ. ಮುಂದೆ 1920ರಲ್ಲಿ ಮುಸ್ಲಿಮ್ ವಿಶ್ವವಿದ್ಯಾಲಯವಾಗಿ ಬೆಳೆದ ಸಂಸ್ಥೆಯಿದು. ಅಂದು ಅಲ್ಲಿಗೆ ಬಂದವರು ಅಫ್ಘಾನಿಸ್ತಾನದ ಅಮೀರ್ ಹಬೀಬುಲ್ಲಾ ಖಾನ್. ಭಾರತ ಮತ್ತು ಅದರ ನೆರೆಯಲ್ಲಿ ತನ್ನದೇ ಸಿಂಹಾಸನ, ತನ್ನದೇ ಸೈನ್ಯ ಇಟ್ಟುಕೊಂಡು ಆಳುತ್ತಿದ್ದ ಮುಸ್ಲಿಮ್ ದೊರೆಗಳು ಬೆರಳೆಣಿಕೆಯಷ್ಟೇ ಉಳಿದಿದ್ದ ಕಾಲ ಅದು. ಅಂಥವರೊಬ್ಬರು ಕಾಲೇಜಿನ ಬಾಗಿಲಿಗೆ ಬರುವುದೆಂದರೆ ಸಂಭ್ರಮವೇ ಸರಿ. ಆದರೆ ಅಂದಿನ ಸಂಭ್ರಮದ ಅಡಿಯಲ್ಲಿ ದೊಡ್ಡ ಅಳುಕೂ ಇತ್ತು. ಅಮೀರರು ಬರುತ್ತಿದ್ದುದು ಕಟ್ಟಡ ನೋಡುವುದಕ್ಕಲ್ಲ. ಈ ಕಾಲೇಜು ಮುಸ್ಲಿಮ್ ಮಕ್ಕಳನ್ನು ಧರ್ಮಭ್ರಷ್ಟರನ್ನಾಗಿ ಮಾಡುತ್ತಿದೆ ಎಂಬ ಮಾತು ಅವರ ಕಿವಿಗೂ ಬಿದ್ದಿತ್ತು.

ಆ ಮಾತು ಹೊಸದಲ್ಲ, ಅದಕ್ಕೆ ಕಾಲೇಜಿನಷ್ಟೇ ವಯಸ್ಸು. ಸರ್ ಸಯ್ಯದ್ ಅಹ್ಮದ್ ಖಾನ್ 1875ರ ಮೇ 24ರಂದು ಅಲೀಗಢದಲ್ಲಿ ಶಾಲೆ ತೆರೆದಾಗಲೇ ಅವರ ಮೇಲೆ ಫತ್ವಾಗಳ ಮಳೆ ಸುರಿದಾಗಿತ್ತು. ವಿರೋಧಿಗಳಲ್ಲಿ ಮುಂಚೂಣಿಯಲ್ಲಿದ್ದ ಇಬ್ಬರು, ಇಮ್ದಾದ್ ಅಲಿ ಮತ್ತು ಅಲಿ ಬಖ್ಶ್ ಖಾನ್, ಮದ್ರಸಗಳ ಮೌಲವಿಗಳಲ್ಲ. ಬ್ರಿಟಿಷ್ ಸರಕಾರದ ಸಂಬಳ ಪಡೆಯುತ್ತಿದ್ದ ಅಧಿಕಾರಿಗಳು. ಅಲಿ ಬಖ್ಶ್ ಖಾನ್ ಮಕ್ಕಾದವರೆಗೂ ಹೋಗಿ ಅಲ್ಲಿನ ವಿದ್ವಾಂಸರಿಂದ ಸರ್ ಸಯ್ಯದರ ವಿರುದ್ಧ ಫತ್ವಾ ತಂದರು. ನಿಮ್ಮ ವಿರುದ್ಧ ಫತ್ವಾ ತರುವ ನೆಪದಲ್ಲಾದರೂ ಅವರಿಗೆ ಹಜ್ ಭಾಗ್ಯ ದೊರೆಯಿತಲ್ಲ ಎಂದು ಸರ್ ಸಯ್ಯದರ ಗೆಳೆಯರು ನಗೆಯಾಡಿದ್ದರೆ ಆಶ್ಚರ್ಯವಿಲ್ಲ. ಆದರೆ ವಿಷಯ ನಗುವಂಥದ್ದಾಗಿರಲಿಲ್ಲ. ಕುರ್‌ಆನ್ ವ್ಯಾಖ್ಯಾನದಲ್ಲಿ ಸರ್ ಸಯ್ಯದರು ತಳೆದ ಹಲವು ನಿಲುವುಗಳನ್ನು ಅವರ ಆಪ್ತರೂ ಒಪ್ಪುತ್ತಿರಲಿಲ್ಲ. ಇಂಥವರು ಕಟ್ಟಿದ ಕಾಲೇಜಿಗೆ ಮಗನನ್ನು ಕಳಿಸುವುದು ಹೇಗೆ ಎಂದು ಒಬ್ಬ ತಂದೆ ಯೋಚಿಸಿದರೆ ಅದನ್ನು ಮೂಢತನ ಎಂದು ತಳ್ಳಿಹಾಕಲಾಗದು.

ಸರ್ ಸಯ್ಯದರು ಇಲ್ಲಿ ಒಂದು ಜಾಣ್ಮೆಯ, ಅದಕ್ಕಿಂತ ಹೆಚ್ಚಾಗಿ ಒಂದು ತ್ಯಾಗದ ಹೆಜ್ಜೆ ಇಟ್ಟರು. ಕಾಲೇಜು ತಮ್ಮದು, ಆದರೆ ಅಲ್ಲಿ ಕಲಿಸುವ ಧರ್ಮ ತಮ್ಮ ವ್ಯಾಖ್ಯಾನದ ಧರ್ಮವಾಗಬಾರದೆಂದು ತಾವಾಗಿಯೇ ಗೆರೆ ಎಳೆದುಕೊಂಡರು. ಧರ್ಮಶಿಕ್ಷಣದ ಸಮಿತಿಯಿಂದ ಅವರು ಹೊರಗುಳಿದರು. ಸುನ್ನಿ ಮಕ್ಕಳಿಗೆ ಸುನ್ನಿ ಪಾಠ, ಶಿಯಾ ಮಕ್ಕಳಿಗೆ ಶಿಯಾ ಪಾಠ, ಎರಡಕ್ಕೂ ಬೇರೆ ಬೇರೆ ವ್ಯವಸ್ಥೆ. ದೇವಬಂದಿನ ಮೌಲಾನಾ ಖಾಸಿಮ್ ನಾನೌತವಿಯವರನ್ನು ಈ ಸಮಿತಿಗೆ ಕರೆದಾಗ ಅವರು ಒಪ್ಪಲಿಲ್ಲ. ಶಿಯಾಗಳೂ ಇರುವ ಸಂಸ್ಥೆಯೊಡನೆ ಸೇರುವುದು ಅವರಿಗೆ ಸಾಧ್ಯವಿರಲಿಲ್ಲ. ಆದರೆ ಕಾಲ ಎಷ್ಟು ವಿಚಿತ್ರ ನೋಡಿ. ಅದೇ ನಾನೌತವಿಯವರ ಅಳಿಯ ಮೌಲಾನಾ ಅಬ್ದುಲ್ಲಾ ಅನ್ಸಾರಿ ಮುಂದೆ 1890ರ ದಶಕದಲ್ಲಿ ಇದೇ ಕಾಲೇಜಿನ ಸುನ್ನಿ ಧರ್ಮವಿಭಾಗದ ಮುಖ್ಯಸ್ಥರಾಗಿ ಬಂದರು. ದೇವಬಂದ್ ಮತ್ತು ಅಲೀಗಢವನ್ನು ಎಣ್ಣೆ ಸೀಗೆಕಾಯಿಯಂತೆ ಎದುರುಬದುರು ನಿಲ್ಲಿಸಿ ಮಾತಾಡುವವರು ಈ ಹೆಸರನ್ನು ಸಾಮಾನ್ಯವಾಗಿ ಮರೆಯುತ್ತಾರೆ.

ನಾವು ಇಷ್ಟು ಹಿಂದಕ್ಕೆ ಹೋದದ್ದಕ್ಕೆ ಕಾರಣವಿದೆ. ಅಮೀರರ ಭೇಟಿಗೆ ಕಾಲೇಜು ಹೇಗೆ ಸಿದ್ಧವಾಯಿತು ಎಂದು ಕೇಳಿದರೆ, ನಿಜವಾದ ಉತ್ತರ 1907ರ ಜನವರಿಯಲ್ಲಿ ಸಿಗುವುದಿಲ್ಲ. ಅದು ಈ ಹಳೆಯ, ಯಾರ ಗಮನಕ್ಕೂ ಬಾರದ ಏರ್ಪಾಡುಗಳಲ್ಲಿದೆ.

ರಾಜಮರ್ಯಾದೆಯ ಮಟ್ಟಿಗೆ ಹೇಳುವುದಾದರೆ ಅಲೀಗಢದವರಿಗೆ ಅದು ಕರತಲಾಮಲಕ. 1877ರ ಜನವರಿ 8ರಂದು ವೈಸರಾಯ್ ಲಾರ್ಡ್ ಲಿಟ್ಟನ್ ಬಂದು ಕಾಲೇಜಿನ ಅಡಿಗಲ್ಲು ಇಟ್ಟಿದ್ದರು. ಆ ಮೇಲೆ ಬಂದುಹೋದ ಗವರ್ನರುಗಳು, ನವಾಬರು, ರಾಜರು ಅನೇಕ. ಅಮೀರರಿಗಿಂತ ಒಂದೇ ವರ್ಷ ಮೊದಲು, 1906ರಲ್ಲಿ, ಮುಂದೆ ಐದನೇ ಜಾರ್ಜ್ ದೊರೆಯಾದ ವೇಲ್ಸ್ ರಾಜಕುಮಾರ ಬಂದಿದ್ದರು. ಸೇನೆಯ ಹಳೆಯ ಕವಾಯತು ಮೈದಾನದಲ್ಲಿ ಎದ್ದುನಿಂತ ಕಾಲೇಜದು. ನಡುವೆ ಸ್ಟ್ರೇಚಿ ಹಾಲ್, ಅದರ ಪಕ್ಕದಲ್ಲೇ ಮಸೀದಿ, ಮಸೀದಿಯ ಮಗ್ಗುಲಲ್ಲಿ 1898ರಲ್ಲಿ ತೀರಿಕೊಂಡ ಸರ್ ಸಯ್ಯದರ ಗೋರಿ. ಗೋಡೆಗಳ ಮೇಲೆ ದಾನಿಗಳ ಹೆಸರು ಕೆತ್ತಿದ ಕಲ್ಲುಗಳು; ಅವುಗಳಲ್ಲಿ ಹಿಂದೂ ಹೆಸರುಗಳೂ ಇವೆ. ಕರಿ ತುರ್ಕಿ ಕೋಟು, ಕೆಂಪು ಟೋಪಿ ಧರಿಸಿ ಸಾಲಾಗಿ ನಿಲ್ಲುವ ಹುಡುಗರು. ಕುದುರೆ ಸವಾರಿ, ಕ್ರಿಕೆಟ್, ಯೂನಿಯನ್‌ನ ಭಾಷಣಗಳು. ಬಂದ ಅತಿಥಿಗೆ ತೋರಿಸಲು ಬೇಕಾದುದೆಲ್ಲ ಇತ್ತು.

ರಾಜಕುಮಾರನಿಗೆ ಇವಿಷ್ಟು ಸಾಕು. ಆತ ಹುಡುಗರ ನಡೆನುಡಿ ನೋಡುತ್ತಾನೆ, ಇಂಗ್ಲಿಷ್ ಕೇಳುತ್ತಾನೆ, ನಗುತ್ತಾನೆ, ಹೋಗುತ್ತಾನೆ. ಆದರೆ ಕಾಬೂಲಿನ ಅಮೀರರಿಗೆ ಕ್ರಿಕೆಟ್ ತೋರಿಸಿ ಏನು ಪ್ರಯೋಜನ? ಇಂಗ್ಲಿಷರ ಮುಂದೆ ಯಾವುದು ಹೆಮ್ಮೆಯೋ ಅದೇ ಈ ಅತಿಥಿಯ ಮುಂದೆ ಆರೋಪಪಟ್ಟಿಯಾಗುವ ಸಂಭವವಿತ್ತು. ಹತ್ತು ತಿಂಗಳ ಅಂತರದಲ್ಲಿ ಒಂದೇ ಕಾಲೇಜು ಎರಡು ವಿರುದ್ಧ ಕಣ್ಣುಗಳಿಗೆ ಒಪ್ಪಿತವಾಗಬೇಕು. ನಾವು ಸಾಕಷ್ಟು ಆಧುನಿಕರು ಎಂದು ಒಬ್ಬರಿಗೆ, ನಾವು ಸಾಕಷ್ಟು ಮುಸ್ಲಿಮರು ಎಂದು ಇನ್ನೊಬ್ಬರಿಗೆ. ಈ ಎರಡು ಪರೀಕ್ಷೆಗಳ ನಡುವೆ ಸಿಕ್ಕಿಕೊಂಡ ಅನುಭವ ನಮ್ಮ ಸಮುದಾಯದ ಸಂಸ್ಥೆಗಳಿಗೆ ಅಂದಿಗೆ ಮುಗಿಯಲಿಲ್ಲ ಎಂದು ಬೇರೆ ಹೇಳಬೇಕಿಲ್ಲ.

ಈ ಹೊರೆಯನ್ನು ಹೊತ್ತವರು ಕಾಲೇಜಿನ ಕಾರ್ಯದರ್ಶಿ ನವಾಬ್ ಮುಹ್ಸಿನುಲ್ ಮುಲ್ಕ್. ಅವರ ನಿಜ ಹೆಸರು ಸಯ್ಯದ್ ಮಹ್ದಿ ಅಲಿ, ಊರು ಇಟಾವಾ. ಬಿರುದು ಹೈದರಾಬಾದಿನದು. ಗುಲ್ಬರ್ಗ, ಬೀದರ್, ರಾಯಚೂರುಗಳೂ ಸೇರಿದ್ದ ಆ ನಿಜಾಮ್ ಸಂಸ್ಥಾನದಲ್ಲಿ 1874ರಿಂದ 1893ರವರೆಗೆ ಕಂದಾಯ, ಹಣಕಾಸು, ರಾಜಕೀಯ ಇಲಾಖೆಗಳಲ್ಲಿ ಉನ್ನತ ಹುದ್ದೆ ನಿರ್ವಹಿಸಿದ ಪಳಗಿದ ಆಡಳಿತಗಾರ. ದರ್ಬಾರುಗಳ ರೀತಿರಿವಾಜು ಅವರಿಗೆ ನೀರು ಕುಡಿದಷ್ಟು ಸಲೀಸು. ಇನ್ನೂ ಮುಖ್ಯವಾದ ಒಂದು ಅರ್ಹತೆ ಅವರಿಗಿತ್ತು. ಹರೆಯದಲ್ಲಿ ಸರ್ ಸಯ್ಯದರ ವಿಚಾರಗಳನ್ನು ಕಟುವಾಗಿ ವಿರೋಧಿಸಿ, ಅವರ ಈಮಾನನ್ನೇ ಶಂಕಿಸಿದ್ದವರಲ್ಲಿ ಮುಹ್ಸಿನುಲ್ ಮುಲ್ಕರೂ ಒಬ್ಬರು. ನಂತರ ಆಪ್ತ ಸಂಗಾತಿಯಾದರು; ಆದರೂ ಕುರ್‌ಆನ್ ವ್ಯಾಖ್ಯಾನದ ವಿಷಯದಲ್ಲಿ ಕೊನೆತನಕ ಅವರೊಡನೆ ವಾದಿಸಿದರು. ಅಮೀರರ ಮನಸ್ಸಿನಲ್ಲಿದ್ದ ಸಂಶಯ ಯಾವ ಬಗೆಯದು ಎಂಬುದು ಅದನ್ನು ಒಮ್ಮೆ ತಾನೇ ಹೊತ್ತು ತಿರುಗಿದವನಿಗಲ್ಲದೆ ಇನ್ನಾರಿಗೆ ಗೊತ್ತಾದೀತು?

ಆ ಚಳಿಗಾಲದಲ್ಲಿ ಅವರಿಗೆ ಪುರುಸೊತ್ತೇ ಇರಲಿಲ್ಲ. 1906ರ ಅಕ್ಟೋಬರ್ 1ರಂದು ವೈಸರಾಯ್ ಮಿಂಟೋ ಮುಂದೆ ಹೋದ ಸಿಮ್ಲಾ ನಿಯೋಗದ ಹಿಂದಿನ ಶಕ್ತಿ ಅವರೇ. ಡಿಸೆಂಬರ್ 30ರಂದು ಢಾಕಾದಲ್ಲಿ ಮುಸ್ಲಿಮ್ ಲೀಗ್ ಹುಟ್ಟಿತು. ವಿಕಾರುಲ್ ಮುಲ್ಕ್ ಜೊತೆ ಇವರೂ ಜಂಟಿ ಕಾರ್ಯದರ್ಶಿ. ಢಾಕಾದ ಸಭೆ ಮುಗಿದು ಮೂರು ವಾರ ತುಂಬುವ ಮೊದಲೇ ಅಲೀಗಢದಲ್ಲಿ ಅಮೀರರು.

ಇನ್ನು ಅಮೀರರ ಕಡೆಯ ಕತೆ. ಕಠೋರ ದೊರೆ ಎಂದು ಹೆಸರಾದ ಅಬ್ದುರ್ರಹ್ಮಾನ್ ಖಾನ್ ಅವರ ಮಗ ಹಬೀಬುಲ್ಲಾ 1901ರಲ್ಲಿ ಪಟ್ಟಕ್ಕೆ ಬಂದರು. ಫೋಟೋ ತೆಗೆಯುವ ಹುಚ್ಚು, ಮೋಟಾರು ಗಾಡಿಯ ಹುಚ್ಚು, ಗಾಲ್ಫ್ ಆಟದ ಹುಚ್ಚು. ಹಾಗೆಂದು ಬರೀ ಶೋಕಿಯ ಮನುಷ್ಯ ಎನ್ನುವಂತಿಲ್ಲ. ಕಾಬೂಲಿನ ಮೊದಲ ಆಧುನಿಕ ಶಾಲೆಯನ್ನು 1903ರಲ್ಲಿ ತೆರೆದವರು ಅವರು. ಅದಕ್ಕೆ ಅವರದೇ ಹೆಸರು: ಹಬೀಬಿಯಾ. ಕಲಿಸಲು ಅಲ್ಲಿ ಜನರಿರಲಿಲ್ಲ. ಹಿಂದೂಸ್ತಾನದ ಮುಸ್ಲಿಮ್ ಶಿಕ್ಷಕರನ್ನು ಕರೆಸಿಕೊಂಡರು. ಅಂದರೆ ಅಲೀಗಢ ಮತ್ತು ಲಾಹೋರಿನ ಕಾಲೇಜುಗಳು ಎಂಥವರನ್ನು ತಯಾರಿಸುತ್ತಿವೆ ಎಂಬ ಪ್ರಶ್ನೆ ಅಮೀರರಿಗೆ ಕೇವಲ ಧಾರ್ಮಿಕ ಕುತೂಹಲದ್ದಾಗಿರಲಿಲ್ಲ, ತಮ್ಮ ಅರಮನೆಯ ಬಾಗಿಲಿನದ್ದೂ ಆಗಿತ್ತು.

ಅಮೀರರನ್ನು ಕರೆಸಿಕೊಂಡ ಬ್ರಿಟಿಷರಿಗೂ ತಮ್ಮದೇ ಲೆಕ್ಕಾಚಾರವಿತ್ತು. 1905ರ ಮಾರ್ಚ್‌ನಲ್ಲಿ ಲೂಯಿ ಡೇನ್ ಕಾಬೂಲಿಗೆ ಹೋಗಿ ಒಪ್ಪಂದ ನವೀಕರಿಸಿದಾಗ ಹಬೀಬುಲ್ಲಾ ಪಟ್ಟು ಹಿಡಿದು ಬಹುಪಾಲು ತಮ್ಮ ಮಾತೇ ನಡೆಯುವಂತೆ ನೋಡಿಕೊಂಡಿದ್ದರು. ವರ್ಷಕ್ಕೆ 18 ಲಕ್ಷ ರೂಪಾಯಿಯ ನೆರವು ಮುಂದುವರಿಯಿತು, ಮೇಲೆ 'ಹಿಸ್ ಮ್ಯಾಜೆಸ್ಟಿ' ಎಂಬ ಸಂಬೋಧನೆ. ವಿದೇಶಾಂಗ ವ್ಯವಹಾರ ಮಾತ್ರ ಬ್ರಿಟಿಷರ ಮುಷ್ಟಿಯಲ್ಲೇ ಉಳಿಯಿತು. ಆ ದೊರೆಯನ್ನು ಸಾಮ್ರಾಜ್ಯದ ವೈಭವದಿಂದ ಕರಗಿಸಬೇಕೆಂದೇ 1907ರ ಜನವರಿ ಆರಂಭದಲ್ಲಿ ಖೈಬರ್ ಕಣಿವೆಯಲ್ಲಿ ಅವರನ್ನು ಎದುರುಗೊಂಡು, ಮಕ್‌ಮಹೋನ್ ಎಂಬ ಅಧಿಕಾರಿಯನ್ನು ಬೆನ್ನಿಗೆ ಕೊಟ್ಟು, ಆಗ್ರಾದಲ್ಲಿ ಭಾರಿ ದರ್ಬಾರು, ಸೈನ್ಯದ ಕವಾಯತು ನಡೆಸಿದರು. ಮುಸ್ಲಿಮ್ ಪ್ರಜೆಗಳು ನಮ್ಮ ಆಳ್ವಿಕೆಯಲ್ಲಿ ಹೇಗೆ ಸುಖವಾಗಿದ್ದಾರೆ ನೋಡಿ ಎಂದು ತೋರಿಸಲು ಅಲೀಗಢಕ್ಕಿಂತ ಒಳ್ಳೆಯ ಪ್ರದರ್ಶನ ಯಾವುದು? ಹೀಗೆ ಕಾಲೇಜಿಗೆ ಅಂದು ಎರಡು ಪಾತ್ರ: ಅಮೀರರ ಮುಂದೆ ಪರೀಕ್ಷಾರ್ಥಿ, ಸರಕಾರದ ಪಾಲಿಗೆ ಗಾಜಿನ ಪೆಟ್ಟಿಗೆಯೊಳಗಿನ ಗೊಂಬೆ.

ಜನವರಿ 16 ಬಂತು. ಸ್ವಾಗತ, ಬಿನ್ನವತ್ತಳೆ, ಕಟ್ಟಡಗಳ ದರ್ಶನ ಎಲ್ಲ ಇದ್ದದ್ದೇ. ಆದರೆ ಅಮೀರರು ಅಷ್ಟಕ್ಕೆ ತೃಪ್ತರಾಗುವ ಅತಿಥಿಯಾಗಿರಲಿಲ್ಲ. ವಿದ್ಯಾರ್ಥಿಗಳನ್ನು ತಾವೇ ಪ್ರಶ್ನಿಸಬೇಕೆಂದರು. ಧರ್ಮದ ಮೂಲತತ್ವಗಳನ್ನು ಕುರಿತು ಕೇಳತೊಡಗಿದರು. ಕುರ್‌ಆನ್ ಪಠಿಸಲು ಹೇಳಿ ಕುಳಿತು ಆಲಿಸಿದರು. ಒಂದೆರಡು ಪ್ರಶ್ನೆಗಳ ಶಾಸ್ತ್ರ ಮುಗಿಸಿ ಎದ್ದುಹೋಗುವ ದೊಡ್ಡವರ ಪೈಕಿಯಲ್ಲ ಅವರು. ಪಟ್ಟಾಗಿ ಕುಳಿತು ಪರೀಕ್ಷಿಸಿದರು.

ಆ ಹೊತ್ತಿನಲ್ಲಿ ಟ್ರಸ್ಟಿಗಳು ಹೇಗೆ ನಿಂತಿದ್ದರೋ! 'ಯುದ್ಧಕಾಲೇ ಶಸ್ತ್ರಾಭ್ಯಾಸ' ಎನ್ನುವ ಮಾತಿದೆ. ಗೋಡೆಗೆ ಸುಣ್ಣವನ್ನು ಹಿಂದಿನ ದಿನ ಬಳಿಯಬಹುದು, ಬಿನ್ನವತ್ತಳೆಯನ್ನು ಹಿಂದಿನ ವಾರ ಬರೆಯಬಹುದು. ಹದಿನೆಂಟರ ಹುಡುಗನ ನಾಲಿಗೆಯ ಮೇಲೆ ಕುರ್‌ಆನನ್ನು ಹಿಂದಿನ ತಿಂಗಳು ಕೂರಿಸಲಾಗದು. ತಜ್ವೀದ್ ಕಲಿಯದ ನಾಲಿಗೆ ಮೊದಲ ಆಯತ್‌ನಲ್ಲೇ ಸಿಕ್ಕಿಬೀಳುತ್ತದೆ; ಅದನ್ನು ಗುರುತಿಸಲು ಅಮೀರರೇ ಬೇಕಿಲ್ಲ, ನಮ್ಮ ಯಾವ ಮೊಹಲ್ಲಾದ ಮುದುಕಿಯೂ ಗುರುತಿಸಿಯಾಳು. ಅಂದು ಉತ್ತರಿಸಿದವರು ಹುಡುಗರು. ಆದರೆ ಮಾತಾಡಿದ್ದು ಆ ಹುಡುಗರ ಹಿಂದಿದ್ದ ವರ್ಷಗಳ ದೀನಿಯಾತ್ ಪಾಠ, ಹಾಸ್ಟೆಲಿನ ಕಡ್ಡಾಯ ನಮಾಝ್, ತಾನು ನಂಬಿದ್ದನ್ನು ಮಕ್ಕಳ ಮೇಲೆ ಹೇರದೆ ಹಿಂದೆ ಸರಿದ ಒಬ್ಬ ಮುದುಕನ ವಿವೇಕ.

ಅಮೀರರು ಒಪ್ಪಿದರು. ಬರೇ ಒಪ್ಪಲಿಲ್ಲ, ಬಹಿರಂಗವಾಗಿ ಸಾರಿದರು. ಈ ಕಾಲೇಜಿನ ಬಗ್ಗೆ ತಾವು ಕೆಟ್ಟ ಮಾತುಗಳನ್ನು ಕೇಳಿದ್ದಾಗಿ ಮುಚ್ಚಿಡದೆ ಹೇಳಿ, ಈಗ ಕಣ್ಣಾರೆ ಕಂಡಿರುವುದರಿಂದ ಹಾಗೆ ಹೇಳುವವರ ಬಾಯಿ ಮುಚ್ಚಿಸುವವರಲ್ಲಿ ತಾವೇ ಮೊದಲಿಗರಾಗುವುದಾಗಿ ಭರವಸೆ ಕೊಟ್ಟರು. ಪಾಶ್ಚಾತ್ಯ ವಿದ್ಯೆ ಕಲಿಯಿರಿ, ಆದರೆ ಅದಕ್ಕೂ ಮೊದಲು ಧರ್ಮದ ಬುನಾದಿ ಭದ್ರವಾಗಿರಲಿ ಎಂಬುದು ಅವರ ಉಪದೇಶದ ತಿರುಳು. ಕಾಲೇಜಿಗೆ ದಾನವನ್ನೂ, ವರ್ಷಂಪ್ರತಿ ಸಲ್ಲುವ ಅನುದಾನವನ್ನೂ ಘೋಷಿಸಿದರು. ಹಲವು ವರ್ಷಗಳ ಕಾಲ ಸರ್ ಸಯ್ಯದರು ಪುಸ್ತಕದ ಅಂಗಡಿ ಇಟ್ಟು, ಲಾಟರಿ ನಡೆಸಿ, ವೇದಿಕೆ ಹತ್ತಿ ಹಾಡಿ ಹಣ ಕೂಡಿಸಿದ ಸಂಸ್ಥೆಗೆ ಈ ದಾನ ಹಿತವೇ. ಆದರೆ ಹಣಕ್ಕಿಂತ ಆ ಮಾತು ದೊಡ್ಡದು. ಮಕ್ಕಾದಿಂದ ತಂದ ಫತ್ವಾಕ್ಕೆ ಕಾಬೂಲಿನಿಂದ ಬಂದ ಉತ್ತರದಂತಿತ್ತು ಅದು. ಸರ್ ಸಯ್ಯದರ ಮರಣಾನಂತರ ಅವರ ಸ್ಮಾರಕವಾಗಿ ಕಾಲೇಜನ್ನು ವಿಶ್ವವಿದ್ಯಾಲಯವನ್ನಾಗಿಸಲು ಊರೂರು ತಿರುಗಿ ನಿಧಿ ಎತ್ತುತ್ತಿದ್ದವರಿಗೆ ಇಂಥ ಮಾತಿನ ಬೆಲೆ ಗೊತ್ತಿತ್ತು.

ಇಲ್ಲಿಗೆ ನಿಲ್ಲಿಸಿದರೆ ಇದೊಂದು ಸುಂದರ ಕತೆ. ನಮ್ಮ ಅನೇಕ ಲೇಖನಗಳು ಇಲ್ಲಿಗೇ ನಿಲ್ಲುತ್ತವೆ ಕೂಡ. ಆದರೆ ಪರೀಕ್ಷಕರೂ ಮುಂದೆ ಪ್ರಯಾಣ ಬೆಳೆಸಿದರು. ಅವರ ಬೆನ್ನಹಿಂದೆ ಕಾಲೇಜಿನಲ್ಲೂ ಏನೇನೋ ನಡೆಯಿತು.

ಅಮೀರರು ದಿಲ್ಲಿಗೆ ಹೋದರು. ಬಕ್ರೀದ್ ಹತ್ತಿರವಿತ್ತು. ಅವರ ಗೌರವಾರ್ಥ ದಿಲ್ಲಿಯ ಮುಸ್ಲಿಮರು ಹಸುಗಳ ಬಲಿ ಕೊಡಲು ಸಿದ್ಧರಾಗಿದ್ದಾಗ ಅಮೀರರು ಬೇಡವೆಂದರು. ಹಿಂದೂಗಳ ಮನಸ್ಸಿಗೆ ನೋವಾಗುವುದು ತಮಗೆ ಇಷ್ಟವಿಲ್ಲ, ಆಡುಗಳಿವೆಯಲ್ಲ ಎಂಬುದು ಅವರ ನಿಲುವು. ಇದು ದೇಶದಾದ್ಯಂತ ಸುದ್ದಿಯಾಯಿತು. ಅವರ ಭಾರತ ಪ್ರವಾಸದ ಅತ್ಯಂತ ಘನವಾದ ಗಳಿಗೆ ಅದೇ ಎಂದು ನಮಗನಿಸುತ್ತದೆ.

ಅಲ್ಲಿಂದ ಕಲ್ಕತ್ತ. ಫೆಬ್ರವರಿ 2ರಂದು, ಅಂದರೆ ಅಲೀಗಢದ ಹುಡುಗರ ಈಮಾನನ್ನು ತೂಗಿನೋಡಿ ಹದಿನೇಳು ದಿನಗಳಾಗುವಷ್ಟರಲ್ಲಿ, ಅಮೀರರು ಫ್ರೀಮೇಸನ್ ಎಂಬ ಗುಪ್ತ ಬಾಂಧವ್ಯದ ಕೂಟಕ್ಕೆ ಸದಸ್ಯರಾಗಿ ದೀಕ್ಷೆ ಪಡೆದರು. ಮಕ್‌ಮಹೋನ್, ದಂಡನಾಯಕ ಕಿಚನರ್ ಮುಂತಾದವರೆಲ್ಲ ಆ ಕೂಟದವರೇ. ಗುಟ್ಟಾಗಿ ನಡೆದದ್ದು ಗುಟ್ಟಾಗಿ ಉಳಿಯಲಿಲ್ಲ. ಕಾಬೂಲಿಗೆ ಮರಳಿದಾಗ ಉಲಮಾಗಳು ತಮ್ಮ ದೊರೆಯ ಧರ್ಮನಿಷ್ಠೆಯನ್ನೇ ಪ್ರಶ್ನಿಸುವಂತಾಯಿತು. ಪರೀಕ್ಷಕರೇ ಪರೀಕ್ಷೆಗೆ ಕೂರಬೇಕಾಯಿತು! ಇದನ್ನು ನಾವು ಹಂಗಿಸಲು ಹೇಳುತ್ತಿಲ್ಲ. ಇನ್ನೊಬ್ಬರ ಈಮಾನಿನ ತಕ್ಕಡಿ ಹಿಡಿದವರ ಕೈ ಎಷ್ಟು ಸ್ಥಿರ ಎಂದು ಅಲೀಗಢದ ಟ್ರಸ್ಟಿಗಳು ಆ ಸುದ್ದಿ ಓದಿ ಯೋಚಿಸಿರಬಹುದೇ ಎಂಬ ಕುತೂಹಲವಷ್ಟೇ.

ಮಾರ್ಚ್ ಆರಂಭದಲ್ಲಿ ಲಾಹೋರಿನಲ್ಲಿ ಇಸ್ಲಾಮಿಯಾ ಕಾಲೇಜಿನ ಹೊಸ ಕಟ್ಟಡಕ್ಕೆ ಅಡಿಗಲ್ಲು ಇಟ್ಟು ಅಮೀರರು ತಾಯ್ನಾಡಿಗೆ ಹಿಂದಿರುಗಿದರು. ಅಲ್ಲಿನ ಸಭಾಂಗಣಕ್ಕೆ ಇಂದಿಗೂ ಹಬೀಬಿಯಾ ಹಾಲ್ ಎಂಬ ಹೆಸರು. ಆದರೆ ಬ್ರಿಟಿಷರ ಆತಿಥ್ಯದ ಸಿಹಿ ಬಾಯಲ್ಲಿ ಆರುವ ಮೊದಲೇ, ಅದೇ ವರ್ಷದ ಆಗಸ್ಟ್ 31ರಂದು, ಇಂಗ್ಲೆಂಡ್ ಮತ್ತು ರಷ್ಯಾ ಅಫ್ಘಾನಿಸ್ತಾನದ ಹಣೆಬರಹವನ್ನು ತಮ್ಮತಮ್ಮಲ್ಲೇ ಕೂತು ಬರೆದವು. ಅಮೀರರನ್ನು ಒಂದು ಮಾತು ಕೇಳಲಿಲ್ಲ. ಒಪ್ಪಿಗೆ ಬೇಡಿ ಪತ್ರ ಬಂದಾಗ ಹಬೀಬುಲ್ಲಾ ಒಪ್ಪಲಿಲ್ಲ.

ಇತ್ತ ಅಲೀಗಢದಲ್ಲಿ? ಅಮೀರರ ಮುಂದೆ ಕೈಕಟ್ಟಿ ನಿಂತಿದ್ದ ಹುಡುಗರೇ ತಿಂಗಳೊಪ್ಪತ್ತಿನಲ್ಲಿ ಮುಷ್ಕರ ಹೂಡಿದರು. ಫೆಬ್ರವರಿಯಲ್ಲಿ ಊರಿನ ನುಮಾಯಿಶ್‌ನಲ್ಲಿ ಒಬ್ಬ ವಿದ್ಯಾರ್ಥಿಗೂ ಪೊಲೀಸ್ ಪೇದೆಗೂ ನಡೆದ ಜಟಾಪಟಿಯಿಂದ ಆರಂಭವಾದದ್ದು ಪ್ರಿನ್ಸಿಪಾಲ್ ಆರ್ಚ್‌ಬೋಲ್ಡ್ ಮತ್ತು ಐರೋಪ್ಯ ಅಧ್ಯಾಪಕರ ವಿರುದ್ಧದ ಬಂಡಾಯವಾಗಿ ಬೆಳೆಯಿತು. ತರಗತಿಗಳು ನಿಂತು ಕಾಲೇಜು ಮುಚ್ಚಬೇಕಾಯಿತು, ತನಿಖೆಗೆ ಸಮಿತಿ ಕೂರಬೇಕಾಯಿತು. ಸರಕಾರಕ್ಕೆ ಗಾಬರಿ: ನಮ್ಮ ನಿಷ್ಠಾವಂತ ಅಲೀಗಢಕ್ಕೆ ಏನಾಯಿತು? ಮುಹ್ಸಿನುಲ್ ಮುಲ್ಕರ ಪಾಡು ನುಂಗಲೂ ಆಗದ ಉಗುಳಲೂ ಆಗದ ಬಿಸಿ ತುತ್ತಿನಂತೆ. ಒಂದು ಕಡೆ ತಮ್ಮದೇ ಮಕ್ಕಳು, ಇನ್ನೊಂದು ಕಡೆ ಯಾರ ಕೃಪೆಯಿಂದ ಕಾಲೇಜು ನಿಂತಿದೆಯೋ ಆ ಸರಕಾರ. ದೊರೆಗಳನ್ನು ಸ್ವಾಗತಿಸುವ ಸಿದ್ಧತೆಯೆಲ್ಲ ಅವರಿಗೆ ಗೊತ್ತಿತ್ತು; ತಲೆಯೆತ್ತಿ ಪ್ರಶ್ನಿಸುವ ಹುಡುಗರಿಗೆ ಉತ್ತರ ಕೊಡುವ ಸಿದ್ಧತೆ ಕಾಲೇಜಿನಲ್ಲಿ ಯಾರಿಗೂ ಇರಲಿಲ್ಲ. ಅದೇ ಅಕ್ಟೋಬರ್ 16ರಂದು ಸಿಮ್ಲಾದಲ್ಲಿ ಅವರು ಕೊನೆಯುಸಿರೆಳೆದರು. ಅಮೀರರು ಬಂದುಹೋಗಿ ಸರಿಯಾಗಿ ಒಂಬತ್ತು ತಿಂಗಳು. ಅವರ ನಂತರ ಬಂದ ವಿಕಾರುಲ್ ಮುಲ್ಕ್ ಬೇರೆ ಮಣ್ಣಿನವರು. ಪ್ರಿನ್ಸಿಪಾಲರ ಅಧಿಕಾರದ ವಿಷಯದಲ್ಲಿ ಅವರು ಬಗ್ಗಲಿಲ್ಲ. 1909ರಲ್ಲಿ ಆರ್ಚ್‌ಬೋಲ್ಡ್ ರಾಜೀನಾಮೆ ಕೊಟ್ಟು ಹೊರನಡೆದರು.

ವಿಚಿತ್ರವೆಂದರೆ ಅದೇ 1909ರಲ್ಲಿ ಕಾಬೂಲಿನ ಹಬೀಬಿಯಾ ಶಾಲೆಯಲ್ಲೂ ಇದೇ ಬಗೆಯ ಪ್ರಶ್ನೆ ತಲೆಯೆತ್ತಿತು, ಆದರೆ ಉತ್ತರ ಬೇರೆ ರೀತಿಯಲ್ಲಿ ಬಂತು. ದೊರೆಗೂ ಒಂದು ಸಂವಿಧಾನ ಬೇಕು, ಆಳ್ವಿಕೆಗೊಂದು ಕಟ್ಟುಪಾಡು ಬೇಕು ಎಂದು ಮಾತಾಡಿಕೊಳ್ಳುವ ಗುಂಪೊಂದು ಅಲ್ಲಿ ಬೆಳೆದಿತ್ತು. ಸುಳಿವು ಅಮೀರರಿಗೆ ಸಿಕ್ಕಿತು. ಹಲವರಿಗೆ ಮರಣದಂಡನೆಯಾಯಿತು, ಇನ್ನು ಹಲವರು ಸೆರೆಮನೆ ಸೇರಿದರು. ಸೆರೆಯಾದವರಲ್ಲಿ ಶಾಲೆಯ ಮುಖ್ಯಸ್ಥರೇ ಇದ್ದರು: ಡಾಕ್ಟರ್ ಅಬ್ದುಲ್ ಗನಿ. ಪಂಜಾಬಿನವರು, ಲಾಹೋರಿನ ಇಸ್ಲಾಮಿಯಾ ಕಾಲೇಜಿನಲ್ಲಿ ದುಡಿದವರು. ಯಾವ ಕಾಲೇಜಿಗೆ ಅಮೀರರು ಎರಡು ವರ್ಷಗಳ ಹಿಂದೆ ಅಡಿಗಲ್ಲು ಇಟ್ಟು ಬಂದಿದ್ದರೋ ಅದೇ ಕಾಲೇಜು.

ಅಲೀಗಢದಲ್ಲಿ ಅಮೀರರು ಕೇಳಿದ್ದು ಹುಡುಗರಿಗೆ ನಮಾಝ್ ಗೊತ್ತೇ, ಕುರ್‌ಆನ್ ಬರುತ್ತದೆಯೇ ಎಂದು. ಆ ಪ್ರಶ್ನೆ ತಪ್ಪಲ್ಲ. ಆದರೆ ಆ ಕುರ್‌ಆನ್ ನ್ಯಾಯದ ಬಗ್ಗೆ, ಅಧಿಕಾರದಲ್ಲಿರುವವರ ಹೊಣೆಯ ಬಗ್ಗೆ ಏನು ಹೇಳುತ್ತದೆ ಎಂದು ಕೇಳಿದ್ದರೆ? ಅಂಥ ಪ್ರಶ್ನೆಯನ್ನು ದೊರೆಗಳು ಕೇಳುವುದಿಲ್ಲ. ಅದಕ್ಕೆ ಉತ್ತರ ಸಿದ್ಧಪಡಿಸಿಡಿ ಎಂದು ಯಾವ ಸಂಸ್ಥೆಯ ಆಡಳಿತ ಮಂಡಳಿಯೂ ಹುಡುಗರಿಗೆ ಹೇಳುವುದಿಲ್ಲ. ಕಾಲೇಜಿನ ಧರ್ಮನಿಷ್ಠೆಗೆ ಅರಸನೊಬ್ಬನ ಯೋಗ್ಯತಾಪತ್ರ ಬೇಕಾಯಿತಲ್ಲ ಎಂಬುದು ಆ ದಿನವನ್ನು ನೆನೆದಾಗ ನಮ್ಮನ್ನು ಕೊಂಚ ಚುಚ್ಚುತ್ತದೆ. ಮುಹ್ಸಿನುಲ್ ಮುಲ್ಕರ ಜಾಗದಲ್ಲಿ ನಾವಿದ್ದಿದ್ದರೂ ಅದನ್ನು ಎರಡೂ ಕೈಚಾಚಿ ಪಡೆಯುತ್ತಿದ್ದೆವು ಎಂಬುದೂ ನಿಜ.

ಅಲೀಗಢ ಮತ್ತು ಅಮೀರರು ಇನ್ನೊಮ್ಮೆ ಮುಖಾಮುಖಿಯಾದರು. ಈ ಸಲ ಬಾಗಿಲು ತಟ್ಟಿದ್ದು ಅಲೀಗಢ. ಈ ಕಾಲೇಜಿನಲ್ಲಿ ಮೊದಲಿನಿಂದಲೂ ಹಿಂದೂ ವಿದ್ಯಾರ್ಥಿಗಳಿದ್ದರು. ಅದರ ಮೊದಲ ಪದವೀಧರನೇ ಈಶ್ವರಿ ಪ್ರಸಾದ್ ಎಂಬ ಹಿಂದೂ. ಇಲ್ಲಿ ಓದಿದ ಹಾಥ್ರಸ್ ಕಡೆಯ ಜಾಟ್ ಮನೆತನದ ರಾಜಾ ಮಹೇಂದ್ರ ಪ್ರತಾಪ್ ಮೊದಲ ಮಹಾಯುದ್ಧದ ನಡುವೆ ಜರ್ಮನ್ ನಿಯೋಗವೊಂದರೊಡನೆ ಮರುಭೂಮಿ ದಾಟಿ 1915ರ ಅಕ್ಟೋಬರ್‌ನಲ್ಲಿ ಕಾಬೂಲ್ ಸೇರಿದರು. ಜೊತೆಗೆ ಭೋಪಾಲದ ಮೌಲಾನಾ ಬರ್ಕತುಲ್ಲಾ. ಬ್ರಿಟಿಷರ ವಿರುದ್ಧ ನಮ್ಮೊಂದಿಗೆ ಬನ್ನಿ ಎಂಬುದು ಅವರ ಕೋರಿಕೆ. ಅಮೀರರು ತಿಂಗಳುಗಟ್ಟಲೆ ಆದರಿಸಿದರು, ಆಲಿಸಿದರು, ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡಿದರು. ಡಿಸೆಂಬರ್ 1ರಂದು ಕಾಬೂಲಿನಲ್ಲೇ ಭಾರತದ ತಾತ್ಕಾಲಿಕ ಸರಕಾರದ ಘೋಷಣೆಯಾಯಿತು: ಅಧ್ಯಕ್ಷ ಮಹೇಂದ್ರ ಪ್ರತಾಪ್, ಪ್ರಧಾನಿ ಬರ್ಕತುಲ್ಲಾ, ಗೃಹಖಾತೆ ದೇವಬಂದಿನಲ್ಲಿ ಕಲಿತ ಮೌಲಾನಾ ಉಬೈದುಲ್ಲಾ ಸಿಂಧಿಗೆ. ಅಲೀಗಢ ಮತ್ತು ದೇವಬಂದ್ ಒಂದೇ ಮಂತ್ರಿಮಂಡಲದಲ್ಲಿ, ಒಬ್ಬ ಹಿಂದೂವಿನ ಅಧ್ಯಕ್ಷತೆಯಲ್ಲಿ! ಅಮೀರರು ಮಾತ್ರ ಕೊನೆಯವರೆಗೂ ಯುದ್ಧಕ್ಕಿಳಿಯದೆ ತಟಸ್ಥರಾಗಿಯೇ ಉಳಿದರು.

1919ರ ಫೆಬ್ರವರಿ 20ರಂದು ಲಗ್ಮಾನ್ ಪ್ರಾಂತದ ಬೇಟೆಯ ಬಿಡಾರದಲ್ಲಿ ಮಲಗಿದ್ದ ಹಬೀಬುಲ್ಲಾ ಖಾನ್ ಯಾರದೋ ಗುಂಡಿಗೆ ಬಲಿಯಾದರು. ಮಗ ಅಮಾನುಲ್ಲಾ ಪಟ್ಟವೇರಿ, ಬ್ರಿಟಿಷರ ಮೇಲೆ ಯುದ್ಧ ಸಾರಿದರು. ಹತ್ತು ವರ್ಷ ಕಾಬೂಲಿನ ಸೆರೆಯಲ್ಲಿ ಕೊಳೆತಿದ್ದ ಮೇಷ್ಟ್ರು ಅಬ್ದುಲ್ ಗನಿ ಬಿಡುಗಡೆಯಾದರು. ಅದೇ ವರ್ಷದ ಆಗಸ್ಟ್‌ನಲ್ಲಿ ರಾವಲ್ಪಿಂಡಿಯಲ್ಲಿ ಶಾಂತಿ ಒಪ್ಪಂದದ ಮಾತುಕತೆಗೆ ಅಫ್ಘಾನ್ ನಿಯೋಗ ಬಂದಾಗ, ಬ್ರಿಟಿಷ್ ಅಧಿಕಾರಿಗಳ ಎದುರು ಮೇಜಿನ ಆಚೆ ಕುಳಿತವರಲ್ಲಿ ಅವರೂ ಒಬ್ಬರಾಗಿದ್ದರು.